ತೋಳು ಟಿಕೋಟಾದಲ್ಲಿ, ಕೊರಳು ಬಬಲೇಶ್ವರದಲ್ಲಿ

ಬೇಸಿಗೆ ಬಂತೆಂದರೆ ನಮ್ಮ ಓಣಿಯ ಮಾಳಿಗೆಗಳ ಮೇಲೆಲ್ಲ ಶಾವಿಗೆ, ಹಪ್ಪಳ, ಸಂಡಿಗೆ, ಕೆಂಪು ಮೆಣಸಿನಕಾಯಿ ಒಣಗುತ್ತವೆ. ನಮ್ಮ ಮಾಳಿಗೆಯ ಮೇಲೆ ಸ್ವೆಟರಿನ ಪುಸ್ತಕಗಳು ಒಣಗುತ್ತವೆ. ಹಳೆಯ ಇಳಕಲ್ ಸೀರೆ ಹಾಸಿ, ಒಂದೊಂದು ಸಂಚಿಕೆಯನ್ನೂ ನಡುವೆ ತೆರೆದು ಬೋರಲು ಮಲಗಿಸಿ, ಗಾಳಿಗೆ ಹಾರಬಾರದೆಂದು ಮೇಲೊಂದು ಕಲ್ಲು ಹೇರಿ, ಕೊಡೆ ಹಿಡಿದು ನಾನು ಪಕ್ಕದಲ್ಲಿ ಕೂಡುತ್ತೇನೆ. ಕಾಗೆಗೆ ಪುಸ್ತಕದ ಗೊಡವೆ ಇಲ್ಲವೆಂದು ನನಗೂ ಗೊತ್ತು. ಆದರೆ ಪಕ್ಕದ ಮಾಳಿಗೆಯಲ್ಲಿ ಶಾಂತವ್ವ ಹಪ್ಪಳ ಕಾಯುತ್ತ ಕೂತಿರುತ್ತಾಳೆ, ಮಾತಿಗೆ ಜೊತೆ ಬೇಕಲ್ಲ.

"ಈ ವರ್ಷ ನಿನ್ನ ಸಂಡಿಗಿ ಚಲೋ ಒಣಗ್ಯಾವೇನ ಗಂಗವ್ವ?" ಎಂದು ಆಕೆ ಪ್ರತಿ ಬೇಸಿಗೆಯೂ ಕೇಳುತ್ತಾಳೆ.

"ಒಣಗ್ಯಾವ್ರಿ. ಕರಿಯಾಕ ನೀವ ಎಣ್ಣಿ ಕೊಡಬೇಕು ನೋಡ್ರಿ" ಎಂದು ನಾನೂ ಪ್ರತಿ ಬೇಸಿಗೆಯೂ ಹೇಳುತ್ತೇನೆ. ಇಬ್ಬರೂ ಹೊಸ ಮಾತು ಕೇಳಿದವರಂತೆ ನಗುತ್ತೇವೆ.

ವಿಜಯಪುರದಲ್ಲಿ ಸ್ವೆಟರ್ ಹೆಣೆಯುವ ಪುಸ್ತಕವೇ ಎಂದು ನಿಮಗೆ ನಗು ಬಂದಿರಬೇಕು. ಬರಲಿ, ಅದು ನ್ಯಾಯವಾದ ನಗು. ನಮ್ಮೂರಿನಲ್ಲಿ ಚಳಿಯೆಂಬುದು ಸಂಕ್ರಮಣದ ಹಿಂದೆ ಮುಂದೆ ಬಂದು, ನೀರು ಕೂಡ ಕುಡಿಯದೆ ಎದ್ದುಹೋಗುವ ದೂರದ ನೆಂಟ. ಉಳಿದ ಕಾಲವೆಲ್ಲ ಬಿಸಿಲು. ಅಂಥ ಊರಿನಲ್ಲಿ ಮೂವರು ಹೆಂಗಸರು ಸೇರಿ ವರ್ಷಾನುಗಟ್ಟಲೆ ಚಂದಾ ಕಟ್ಟಿ ಉಣ್ಣೆ ಹೆಣಿಗೆಯ ಮಾಸಪತ್ರಿಕೆ ತರಿಸಿಕೊಂಡರೆಂದರೆ, ಅವರ ತಲೆ ಸರಿಯಿತ್ತೋ ಇಲ್ಲವೋ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಯವರು ಕೇಳಿದ್ದಾರೆ, ಈಗಲೂ ಕೇಳುತ್ತಾರೆ. ಆ ಪತ್ರಿಕೆಗೊಂದು ಉದ್ದನೆಯ ಹೆಸರಿತ್ತು. ನಾವು ಮೂವರೂ ಅದನ್ನು 'ಪುಸ್ತಕ' ಎಂದಷ್ಟೇ ಕರೆಯುತ್ತಿದ್ದೆವು.

ಮದುವೆಗೆ ಮೊದಲು ನಾವು ಮೂವರೂ ಒಂದೇ ಹೆಣಿಗೆ ಕ್ಲಾಸಿನವರು. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಒಬ್ಬ ಟೀಚರ್ ಬಾಯಿಯವರು ತಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಕಲಿಸುತ್ತಿದ್ದರು. ಶಿವಲೀಲಾ ಕಳ್ಳಕವಟಗಿಯ ಹುಡುಗಿ, ಓದಲೆಂದು ಇಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಮುಮ್ತಾಜ್ ನಮ್ಮ ಓಣಿಯವಳೇ. ಮೂವರೂ ಅಕ್ಕಪಕ್ಕ ಕೂತು 'ಒಂದು ಸೀದಾ, ಒಂದು ಉಲ್ಟಾ' ಎಂದು ಮಗ್ಗಿ ಹೇಳಿದ ಹಾಗೆ ಹೇಳುತ್ತ ಹೆಣೆಯುತ್ತಿದ್ದೆವು. ಲೀಲಾ ಗಂಟು ಬಿಗಿ ಹಾಕುತ್ತಿದ್ದಳು, ಮುಮ್ತಾಜ್ ಸಡಿಲ ಹಾಕುತ್ತಿದ್ದಳು. ನಾನು ಹೆಣೆಯುವುದಕ್ಕಿಂತ ಇವರಿಬ್ಬರ ತಪ್ಪು ತೋರಿಸುವುದರಲ್ಲಿ ಹೆಚ್ಚು ಕಾಲ ಕಳೆಯುತ್ತಿದ್ದೆ. ಆ ಸ್ವಭಾವ ಇನ್ನೂ ಹೋಗಿಲ್ಲ.

ಮುಂದೆ ಲೀಲಾಳನ್ನು ಟಿಕೋಟಾಕ್ಕೆ ಕೊಟ್ಟರು, ದ್ರಾಕ್ಷಿ ತೋಟದ ಮನೆತನ. ಮುಮ್ತಾಜಳನ್ನು ಬಬಲೇಶ್ವರಕ್ಕೆ ಕೊಟ್ಟರು, ಅವಳ ಯಜಮಾನರದು ಅಲ್ಲಿ ಹೊಲಿಗೆ ಅಂಗಡಿ. ನನ್ನನ್ನು ಎರಡು ಓಣಿ ದಾಟಿಸಿ ಕೊಟ್ಟರು. ಇವರಿಬ್ಬರೂ ತವರು ಬಿಟ್ಟು ಹೋಗುವಾಗ ಅತ್ತ ಹಾಗೆ ನಾನೂ ಜೋರಾಗಿ ಅತ್ತೆ. ಮರುದಿನ ಬೆಳಿಗ್ಗೆ ತವರಿಗೆ ಹೋಗಿ ಮರೆತುಬಂದಿದ್ದ ತಲೆ ಬಾಚುವ ಹಣಿಗೆ ತಂದುಕೊಂಡೆ.

ಅಗಲಿದರೂ ಸಂಬಂಧ ಉಳಿಯಬೇಕೆಂದು ಮೂವರೂ ಕೂಡಿ ಆ ಪುಸ್ತಕಕ್ಕೆ ಚಂದಾ ಕಟ್ಟಿದೆವು. ಒಂದೇ ಪ್ರತಿ, ಮೂರು ಮನೆ. ಮೊದಲ ಹತ್ತು ದಿನ ನನ್ನಲ್ಲಿ, ನಂತರದ ಹತ್ತು ದಿನ ಟಿಕೋಟಾದಲ್ಲಿ, ಕೊನೆಯ ಹತ್ತು ದಿನ ಬಬಲೇಶ್ವರದಲ್ಲಿ. ಸಾಗಾಣಿಕೆ ಸರ್ಕಾರಿ ಬಸ್ಸಿನಲ್ಲಿ, ಕಂಡಕ್ಟರರ ಕೈಯಲ್ಲಿ. ನಮ್ಮ ಕಡೆ ಕಂಡಕ್ಟರ್ ಕೈಗೆ ಕೊಡದ ವಸ್ತುವಿಲ್ಲ. ಔಷಧ, ಬುತ್ತಿ, ಕನ್ನಡಕ, ಹೊಲಿಯಲು ಕೊಟ್ಟ ಜಂಪರು ಎಲ್ಲವೂ ಹೀಗೆಯೇ ಊರೂರಿಗೆ ಹೋಗುತ್ತವೆ. ಪುಸ್ತಕವನ್ನು ಹಳೆಯ ದಿಂಬಿನ ಚೀಲದಲ್ಲಿ ಹಾಕಿ, ಬಾಯಿ ಹೊಲಿದು, ಬಸ್ ಸ್ಟ್ಯಾಂಡಿಗೆ ಹೋಗಿ ಕೊಟ್ಟುಬರುತ್ತಿದ್ದೆ. ಅತ್ತ ಸ್ಟ್ಯಾಂಡಿನ ಪಕ್ಕದ ಚಹಾ ಅಂಗಡಿಯಲ್ಲಿ ಅದು ಇಳಿಯುತ್ತಿತ್ತು.

ಒಮ್ಮೆ ಬಬಲೇಶ್ವರದಲ್ಲಿ ಇಳಿಸಲು ಮರೆತು, ಚೀಲ ಯಾರದೋ ಸಾಮಾನಿನ ಜೊತೆ ಜೈನಾಪುರಕ್ಕೆ ಹೋಯಿತು. ಮುಮ್ತಾಜ್ ಊಟ ಬಿಟ್ಟಳು. ನಾನು ಇಲ್ಲಿ ಕಂಡ ಕಂಡ ಕಂಡಕ್ಟರರನ್ನೆಲ್ಲ ತಡೆದು ಕೇಳಿದೆ. ವಾರದ ಮೇಲೆ ಜೈನಾಪುರದ ಒಬ್ಬ ರೈತ ಹೆಣ್ಣುಮಗಳು ಚೀಲವನ್ನು ತಾನೇ ಬಬಲೇಶ್ವರಕ್ಕೆ ತಂದು, ಮನೆ ಹುಡುಕಿ ಕೊಟ್ಟಳು. ಜೊತೆಗೊಂದು ಬುಟ್ಟಿ ಉಳ್ಳಾಗಡ್ಡಿ. ಅವಳ ಕಂಕುಳಲ್ಲಿದ್ದ ಕೂಸಿನ ತಲೆಯ ಮೇಲೆ ಆ ತಿಂಗಳ ಸಂಚಿಕೆಯ ಟೊಪ್ಪಿಗೆ ಇತ್ತು. ತಡವಾದದ್ದು ಅದಕ್ಕೇ. ಟೊಪ್ಪಿಗೆ ನಮ್ಮ ಮೂವರಲ್ಲಿ ಯಾರು ಹೆಣೆದದ್ದಕ್ಕಿಂತಲೂ ಚೆನ್ನಾಗಿತ್ತೆಂದು ಮುಮ್ತಾಜ್ ಇಂದಿಗೂ ಹೇಳುತ್ತಾಳೆ.

ವರ್ಷಗಳು ಹೋದ ಹಾಗೆ ಓದಿ ಮುಗಿದ ಸಂಚಿಕೆಗಳು ನಮ್ಮ ಮನೆಯಲ್ಲಿ ರಾಶಿ ಬಿದ್ದವು. ಇದು ಅನ್ಯಾಯ, ಮೂವರ ದುಡ್ಡಿನ ಪುಸ್ತಕ ಒಬ್ಬಳ ಮನೆಯಲ್ಲಿ ಇರಬಾರದು ಎಂದು ಯಾರು ಗಲಾಟೆ ತೆಗೆದರು ಅಂದುಕೊಂಡಿರಿ? ನಾನೇ. ನ್ಯಾಯದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡ ಕಾಲ ಅದು. ಎಲ್ಲವನ್ನೂ ಗೋಣಿಚೀಲದಲ್ಲಿ ತುಂಬಿ ಟಿಕೋಟಾಕ್ಕೆ ಒಯ್ದೆ. ಮುಮ್ತಾಜಳೂ ಬಂದಳು. ಲೀಲಾಳ ಪಡಸಾಲೆಯಲ್ಲಿ ಪಾಲು ಮಾಡಲು ಕುಳಿತೆವು.

ಲೀಲಾಳ ಮಾವನವರು ಆ ಸುತ್ತಿನಲ್ಲಿ ಅಣ್ಣತಮ್ಮಂದಿರ ಪಾಲು ಮಾಡಿಕೊಡುವುದರಲ್ಲಿ ಹೆಸರಾದವರು. ನಮ್ಮ ಗೊಂದಲ ನೋಡಿ, ರುಮಾಲು ಸರಿಮಾಡಿಕೊಂಡು ನಡುವೆ ಬಂದು ಕುಳಿತರು.

"ಹೊಲಾ ಹಂಚೂವಾಗ ಒಬ್ಬಗ ಎರಿ ಭೂಮಿ, ಒಬ್ಬಗ ಬರೇ ಕಲ್ಲ ಅಂತ ಕೊಟ್ರ ಜಗಳ ಹತ್ತತೈತಿ. ಎಲ್ಲಾರಿಗೂ ಎಲ್ಲಾ ನಮೂನಿ ಮಣ್ಣ ಬರಬೇಕು. ಪಟ್ಟಿ ಪಟ್ಟಿ ಹಂಚಬೇಕು. ತರ್ರಿ ಇಲ್ಲೆ" ಎಂದರು.

ತಂದೆವು. ಅವರು ಒಂದನ್ನೂ ತೆರೆದು ನೋಡದೆ, ಮೊದಲಿನದು ನನಗೆ, ಎರಡನೆಯದು ಸೊಸೆಗೆ, ಮೂರನೆಯದು ಮುಮ್ತಾಜಳಿಗೆ, ಮತ್ತೆ ನನಗೆ, ಮತ್ತೆ ಸೊಸೆಗೆ ಎಂದು ಕೊನೆಯವರೆಗೂ ಹಂಚಿದರು. ಅಂಥ ಅಚ್ಚುಕಟ್ಟಾದ ಪಾಲು ನಾನು ನೋಡಿಯೇ ಇರಲಿಲ್ಲ. ಮೂವರೂ ಅವರ ಕಾಲು ಮುಟ್ಟಿ ನಮಸ್ಕರಿಸಿದೆವು. ಸಜ್ಜಕ ಉಂಡು, ಒಣದ್ರಾಕ್ಷಿ ಕಟ್ಟಿಸಿಕೊಂಡು, ಸಂತೋಷದಿಂದ ಮನೆಗೆ ಬಂದೆವು.

ಎಡವಟ್ಟು ತಿಳಿದದ್ದು ಮುಂದಿನ ಚಳಿಗೆ. ಆ ಪತ್ರಿಕೆಯವರು ಒಂದು ಸ್ವೆಟರನ್ನು ಒಂದೇ ತಿಂಗಳಲ್ಲಿ ಹೇಳಿ ಮುಗಿಸುತ್ತಿರಲಿಲ್ಲ. ಓದುವವರು ಬಿಟ್ಟುಹೋಗಬಾರದೆಂಬ ಉಪಾಯವಿರಬೇಕು. ಒಂದು ಸಂಚಿಕೆಯಲ್ಲಿ ಮೈ, ಅದರ ಮುಂದಿನದರಲ್ಲಿ ತೋಳು, ಮೂರನೆಯದರಲ್ಲಿ ಕೊರಳು. ಮಾವನವರ ಪಾಲಿನ ಪ್ರಕಾರ ಇದ್ದಬದ್ದ ಮೈಯೆಲ್ಲ ವಿಜಯಪುರಕ್ಕೆ ಬಂದಿತ್ತು, ತೋಳೆಲ್ಲ ಟಿಕೋಟಾದಲ್ಲಿ ಉಳಿದಿತ್ತು, ಕೊರಳೆಲ್ಲ ಬಬಲೇಶ್ವರಕ್ಕೆ ಹೋಗಿತ್ತು.

ಹೊಸದಾಗಿ ಪಾಲು ಮಾಡೋಣವೆಂದು ನಾನಂದೆ. ಲೀಲಾ ಬೆಚ್ಚಿಬಿದ್ದಳು. ತನ್ನ ಮಾವ ಮಾಡಿದ ಪಾಲನ್ನು ಇಲ್ಲಿಯವರೆಗೆ ಯಾರೂ ಮುರಿದಿಲ್ಲ, ಮುರಿದ ಮೊದಲನೆಯವಳು ಅವರ ಸೊಸೆಯೇ ಆದರೆ ಊರಲ್ಲಿ ಮುಖ ತೋರಿಸುವುದು ಹೇಗೆ ಎಂದಳು. ಮುಮ್ತಾಜಳೂ, ಹಿರಿಯರು ಕೊಟ್ಟದ್ದು ಕೊಟ್ಟ ಹಾಗೆ ಇರಲಿ ಎಂದುಬಿಟ್ಟಳು. ಅಲ್ಲಿಗೆ ಮುಗಿಯಿತು. ಮುಂದೆ ಬಂದ ಸಂಚಿಕೆಗಳೂ ಅದೇ ಸರದಿಯಲ್ಲಿ ಹಂಚಿಹೋದವು, ಪತ್ರಿಕೆ ನಿಂತುಹೋಗುವವರೆಗೂ.

ಇದರ ಪರಿಣಾಮವನ್ನು ಮೂರೂ ಮನೆಯ ಗಂಡಸರು ಮೈಮೇಲೆ ಹೊತ್ತು ತಿರುಗಿದರು. ನಮ್ಮ ಮನೆಯವರ, ಮಕ್ಕಳ ಹಳೆಯ ಫೋಟೋ ತೆಗೆದು ನೋಡಿ, ಎಲ್ಲರದೂ ತೋಳಿಲ್ಲದ ಸ್ವೆಟರ್. ಬಬಲೇಶ್ವರದಲ್ಲಿ ಮುಮ್ತಾಜ್ ಬರೀ ಕೊರಳಪಟ್ಟಿ ಹೆಣೆದು ಕೊಡುತ್ತಿದ್ದಳು, ಅವಳ ಯಜಮಾನರು ಅದನ್ನು ಬಟ್ಟೆಯ ಅಂಗಿಗೆ ಜೋಡಿಸಿ ಹೊಲಿಯುತ್ತಿದ್ದರು. ಉಣ್ಣೆ ಕೊರಳಿನ ಆ ಅಂಗಿ ಬಬಲೇಶ್ವರದಲ್ಲಿ ಕೆಲಕಾಲ ಫ್ಯಾಷನ್ನೇ ಆಗಿತ್ತು. ಟಿಕೋಟಾದಲ್ಲಿ ಲೀಲಾ ಹೆಣೆದ ಜೋಡಿ ತೋಳುಗಳನ್ನು ಅವಳ ಮಾವನವರೇ ಅಂಗಿಯ ಮೇಲೆ ಏರಿಸಿಕೊಂಡು ನಸುಕಿನಲ್ಲಿ ತೋಟಕ್ಕೆ ನೀರು ಹಾಯಿಸಲು ಹೋಗುತ್ತಿದ್ದರು. "ಮೈಗಿ ಥಂಡಿ ಹತ್ತೂದಿಲ್ಲ, ಕೈಗೇ ಹತ್ತೂದು" ಎಂದು ಅದಕ್ಕೊಂದು ಕಾರಣವನ್ನೂ ಕಂಡುಕೊಂಡಿದ್ದರು.

ಪೂರ್ತಿ ಸ್ವೆಟರ್ ಬೇಕೆಂದರೆ ಮೂವರೂ ಕೂಡಲೇಬೇಕು. ದಸರೆ ಮುಗಿದ ಕೂಡಲೇ ನಾನು ಟಿಕೋಟಾ ಬಸ್ಸಿನವರ ಕೈಯಲ್ಲಿ ಚೀಟಿ ಕಳಿಸುತ್ತಿದ್ದೆ: 'ತೋಳು ಕಳಿಸು.' ಲೀಲಾ ತಾನು ಹೆಣೆದು ಮುಗಿಸಿಯೇ ಕಳಿಸುವವಳು. ಮುಮ್ತಾಜಳಿಂದ ಕೊರಳು ಬರುವಷ್ಟರಲ್ಲಿ ಚಳಿ ಊರು ಬಿಟ್ಟಿರುತ್ತಿತ್ತು. ಕೊನೆಗೆ ಬಸ್ಸಿನವರ ಮೇಲೆ ಹೊರೆ ಹಾಕುವುದೇಕೆಂದು ಗೆಳತಿಯರಿಬ್ಬರೂ ತಾವೇ ಬರತೊಡಗಿದರು. ಕೈಯಲ್ಲಿ ಪುಸ್ತಕ, ಚೀಲದಲ್ಲಿ ಉಣ್ಣೆಯ ಉಂಡೆ. ಬೆಳಗಿನಿಂದ ಸಂಜೆಯವರೆಗೆ ನಮ್ಮ ಪಡಸಾಲೆಯಲ್ಲಿ ಕೂತು ನಾಲ್ಕು ಸಾಲು ಹೆಣೆದು, ನಲವತ್ತು ಮಾತಾಡಿ, ಅತ್ತೆಯರನ್ನು ಬೈದು, ಮುಂದೆ ಕಾಲ ಬದಲಾದ ಮೇಲೆ ಸೊಸೆಯರನ್ನು ಬೈದು, ಎದ್ದುಹೋಗುತ್ತಿದ್ದರು. ಹೋಗುವಾಗ ನನ್ನ ಒಂದು ಸಂಚಿಕೆ ಒಯ್ಯುತ್ತಿದ್ದರು. ಅದನ್ನು ತಿರುಗಿಸಿ ಕೊಡಲು ಮತ್ತೆ ಬರಬೇಕಾಗುತ್ತಿತ್ತು.

ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಆದರೂ ಲೀಲಾ, ಮುಮ್ತಾಜ್ ಇಬ್ಬರೂ ಪುಸ್ತಕದ ನೆಪವಿಲ್ಲದೆ ಒಮ್ಮೆಯೂ ಬಂದವರಲ್ಲ. ನಾನೂ ಹೋದವಳಲ್ಲ. ನಮ್ಮ ಪೀಳಿಗೆಯ ಹೆಂಗಸರಿಗೆ ಸುಮ್ಮನೆ ಒಬ್ಬರ ಮನೆಗೆ ಹೋಗುವುದು ಬರುವುದಿಲ್ಲ. ಮನೆಯಲ್ಲಿ ಕೇಳಿದರೆ ಹೇಳಲು ಏನಾದರೂ ಕೆಲಸ ಇರಬೇಕು.

ಇಂಥ ಪುಸ್ತಕದ ಬೆಲೆ ಎಷ್ಟು? ಮೊದಲ ಸಲ ಬೆಲೆ ಕಟ್ಟಿದವನು ರದ್ದಿಯವನು. ನಮ್ಮ ಮನೆಯವರು ನಾನಿಲ್ಲದ ಹೊತ್ತು ನೋಡಿ ಅವನನ್ನು ಕರೆದಿದ್ದರು. ನಾನು ಕಾಯಿಪಲ್ಯ ಹಿಡಿದು ಬರುವಷ್ಟರಲ್ಲಿ ತಕ್ಕಡಿ ಏರಿತ್ತು. ಅವನು ಒಂದು ಹಾಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಮುಖ ಸಿಂಡರಿಸಿ, "ನುಣುಪ ಹಾಳಿ ಐತ್ರಿ. ಭಜಿ ಕಟ್ಟಾಕ ಬರಂಗಿಲ್ಲ, ಎಣ್ಣಿ ಹೀರಂಗಿಲ್ಲ. ಇದಕ್ಕ ರೇಟ್ ಇಲ್ರಿ" ಎಂದ. ಅಲ್ಲಿಯವರೆಗೆ ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ರೇಟ್ ಇಲ್ಲ ಎಂದ ಮೇಲೆ ಬಂತು.

ಎರಡನೆಯ ಸಲ ಬೆಲೆ ಕಟ್ಟಿದವಳು ಈ ಬೇಸಿಗೆಯಲ್ಲಿ ಶಾಂತವ್ವನ ಮನೆಗೆ ನೆಂಟಳಾಗಿ ಬಂದ ನಂದಿನಿ. ಧಾರವಾಡದ ಹುಡುಗಿ, ಯಾವುದೋ ಕಾಲೇಜಿನಲ್ಲಿ ಹೆಣಿಗೆ, ನೇಯ್ಗೆ ಕಲಿಸುತ್ತಾಳಂತೆ. ಹಪ್ಪಳ ಕಾಯಲು ಮಾಳಿಗೆಗೆ ಬಂದವಳು ನನ್ನ ಸಂಡಿಗೆ ನೋಡಿ, ಗೋಡೆ ದಾಟಿಯೇ ಬಂದುಬಿಟ್ಟಳು.

"ಆಂಟಿ, ಇವನ್ನ ಬಿಸಿಲಿಗೆ ಹಾಕಬಾರದು! ಬಣ್ಣ ಹೋಗ್ತದ!"

"ಹಾಕಲಿಲ್ಲಂದ್ರ ಗೆದ್ಲ ಹತ್ತತಾವವಾ."

"ನಡುವ ಇದೇನು ಆಂಟಿ?"

"ಬೇವಿನ ಎಲಿ. ಹುಳಾ ಬರಬಾರದಂತ."

ಆಕೆ ಹಣೆ ಹಣೆ ಬಡಿದುಕೊಂಡಳು. ಬೇವಿನೆಲೆಯ ಕಲೆ ಹಾಳೆಗೆ ಅಂಟಿದೆಯಂತೆ, ನ್ಯಾಫ್ತಲಿನ್ ಗುಳಿಗೆ ಇಡಬಾರದಂತೆ, ಕಲ್ಲಂತೂ ಹೇರಲೇಬಾರದಂತೆ. ತಂಪಾದ, ಕತ್ತಲೆಯ ಕಡೆ, ತೆಳು ಬಟ್ಟೆ ಸುತ್ತಿ ಚಪ್ಪಟೆಯಾಗಿ ಮಲಗಿಸಿ ಇಡಬೇಕಂತೆ. ಇಷ್ಟು ವರ್ಷ ನಾನು ಕಾಪಾಡುತ್ತ ಬಂದದ್ದೆಲ್ಲ ಹಾಳುಮಾಡುವ ಕೆಲಸವೇ ಎಂದು ಆ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. ಆದರೂ ಕಣ್ಣು ಮಾತ್ರ ಪುಸ್ತಕದ ಮೇಲೆಯೇ ಇತ್ತು. ಇಂಥವು ಈಗ ಎಲ್ಲೂ ಸಿಗುವುದಿಲ್ಲ, ತಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಂಡುಕೊಳ್ಳುತ್ತೇವೆ ಎಂದಳು. ಒಳ್ಳೆಯ ಬೆಲೆಯನ್ನೇ ಹೇಳಿದಳು. ಒಂದೇ ಷರತ್ತು: ಸರಣಿ ಪೂರ್ತಿ ಇರಬೇಕು. ಒಂದು ಸಂಚಿಕೆ ಕಡಿಮೆಯಾದರೂ ಕಾಲೇಜಿನವರು ಒಪ್ಪುವುದಿಲ್ಲ.

"ಉಳದದ್ದು ಎಲ್ಲಿ ಅದಾವ ಆಂಟಿ?"

"ತೋಳು ಟಿಕೋಟಾದಾಗ, ಕೊರಳು ಬಬಲೇಶ್ವರದಾಗ" ಎಂದೆ. ಆ ಮಗು ನನ್ನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿಯಿತು. ಆಮೇಲೆ ಕೂಡ್ರಿಸಿ ಎಲ್ಲ ಹೇಳಿದೆ.

ನಮ್ಮ ಮನೆಯವರಿಗೆ ಆದ ಖುಷಿ ಹೇಳತೀರದು. ಕಪಾಟು ಖಾಲಿಯಾಗುವ ಯೋಗ ಬಂತೆಂದು ಅವತ್ತು ತಾವೇ ಚಹಾ ಮಾಡಿ ಆ ಹುಡುಗಿಗೆ ಕೊಟ್ಟರು. ನಾನು ಲೀಲಾಳಿಗೆ ಫೋನ್ ಮಾಡಿದೆ. ಬೇಡ ಅನ್ನುತ್ತಾಳೆ, ಅಂದರೆ ಸಾಕು, ನಾನೂ ಬೇಡ ಅನ್ನುತ್ತೇನೆ ಎಂದುಕೊಂಡೇ ಮಾಡಿದ್ದೆ.

"ಮಾರೂಣ ಬಿಡು" ಎಂದಳು ಲೀಲಾ, ತಟ್ಟನೆ. "ಇಲ್ಲೆ ಸೊಸಿ ದಿನಾ ಅಂತಾಳ, ಈ ಟ್ರಂಕ್ ಎಂದ ತಗೀತೀರಿ ಅತ್ತಿ ಅಂತ."

ಮುಮ್ತಾಜಳಿಗೆ ಮಾಡಿದೆ. "ನೀವಿಬ್ರೂ ಹೂಂ ಅಂದ ಮ್ಯಾಲ ನಂದೇನೈತಿ ಗಂಗೂ" ಎಂದಳು.

ಇಬ್ಬರಿಗೂ ಪುಸ್ತಕದ ಮೇಲಿನ ಆಸೆ ಹೋಗಿದೆ, ನಾನೊಬ್ಬಳೇ ಹುಚ್ಚಿಯ ಹಾಗೆ ಕಲ್ಲು ಹೇರಿ ಕಾಯುತ್ತ ಕೂತಿದ್ದೇನೆ ಎಂದು ಮನಸ್ಸಿಗೆ ಬಹಳ ಬೇಜಾರಾಯಿತು. ಪುಸ್ತಕ ಹೋದರೆ ಹೋಗಲಿ. ನನಗೂ ಈಗ ಕಣ್ಣು ಮಂದ, ಎರಡು ಸಾಲು ಹೆಣೆದರೆ ಬೆರಳು ಹಿಡಿಯುತ್ತವೆ. ಆದರೆ ಪುಸ್ತಕವೇ ಇಲ್ಲವೆಂದ ಮೇಲೆ ಇವರಿಬ್ಬರೂ ನಮ್ಮ ಮನೆಗೆ ಯಾಕೆ ಬರುತ್ತಾರೆ? ಮದುವೆ ಮುಂಜಿಯಲ್ಲಿ ಕಂಡರೆ ಕಂಡೆವು, ಇಲ್ಲವಾದರೆ ಇಲ್ಲ. ನನಗಿದ್ದ ಭಯ ಅದೊಂದೇ. ಹೇಳಿಕೊಳ್ಳಲು ನಾಚಿಕೆಯಾಗುವಂಥ ಭಯ.

ಇಬ್ಬರೂ ತಮ್ಮ ಪಾಲು ತರುವ ದಿನ ಗೊತ್ತಾಯಿತು. ಹಿಂದಿನ ದಿನ ನನ್ನ ಪಾಲನ್ನು ಕಪಾಟಿನಿಂದ ಇಳಿಸಿ ಒರೆಸುತ್ತಿದ್ದವಳು ಒಂದು ಸಂಚಿಕೆಯನ್ನು ಸುಮ್ಮನೆ ಎತ್ತಿಕೊಂಡು ಹೋಗಿ ಕೌದಿಯ ಮಡಿಕೆಯಲ್ಲಿ ಇಟ್ಟೆ. ಅದು ಇಂಥದ್ದೇ ಎಂದು ಆರಿಸಿದ್ದಲ್ಲ, ಕೈಗೆ ಬಂದದ್ದು. ಒಂದು ಕಡಿಮೆಯಾದರೆ ವ್ಯಾಪಾರ ಮುರಿಯುತ್ತದೆ, ಗೆದ್ದಲು ತಿಂದಿರಬೇಕೆಂದು ಹೇಳಿದರಾಯಿತು. ನ್ಯಾಯದ ಸರ್ಟಿಫಿಕೇಟು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಮರುದಿನ ಎಣ್ಣೆಗಾಯಿ ಪಲ್ಯ, ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕಾದೆ. ಲೀಲಾ ಮಗನ ಗಾಡಿಯಲ್ಲಿ ಟ್ರಂಕು ಹೇರಿಕೊಂಡು ಬಂದಳು. ಮುಮ್ತಾಜ್ ಬಸ್ಸಿಗೇ ಬಂದಳು, ಎರಡು ದೊಡ್ಡ ಚೀಲಗಳನ್ನು ಕಂಡಕ್ಟರನೇ ಇಳಿಸಿ ರಿಕ್ಷಾಕ್ಕೆ ಹಾಕಿಸಿದನಂತೆ. ಊಟವಾದ ಮೇಲೆ ಪಡಸಾಲೆಯಲ್ಲಿ ಜಮಖಾನೆ ಹಾಸಿ, ನಂದಿನಿಯನ್ನು ನಡುವೆ ಕೂಡ್ರಿಸಿದೆವು. ಆಕೆ ಮೂರೂ ರಾಶಿಗಳಿಂದ ಒಂದೊಂದೇ ತೆಗೆದು ಸರದಿಯಲ್ಲಿ ಜೋಡಿಸತೊಡಗಿದಳು. ಮೈಯ ಪಕ್ಕಕ್ಕೆ ತೋಳು, ತೋಳಿನ ಪಕ್ಕಕ್ಕೆ ಕೊರಳು ಬಂದು ಮಲಗಿದವು. ಇಡೀ ಪಡಸಾಲೆ ಬಣ್ಣಬಣ್ಣದ ಸ್ವೆಟರುಗಳಿಂದ ತುಂಬಿತು. ಅವು ಅಷ್ಟು ಚೆಂದ ಇದ್ದವೆಂದು ಮರೆತೇಹೋಗಿತ್ತು.

"ಯವ್ವಾ, ಈ ಹಳದೀದಕ್ಕ ಇಂಥಾ ಕೊರಳಿತ್ತೇನ?" ಎಂದಳು ಲೀಲಾ.

"ಹೂಂ ಮತ್ತ. ನೀ ಎಂದೂ ಕೇಳಲಿಲ್ಲ, ನಾ ಕೊಡಲಿಲ್ಲ" ಎಂದಳು ಮುಮ್ತಾಜ್.

ನಂದಿನಿ ಜೋಡಿಸಿ ಮುಗಿಸಿ ಹಿಂದೆ ಸರಿದು ನೋಡಿದಳು. ಮುಖ ಸಣ್ಣದಾಯಿತು. "ಇಲ್ಲೊಂದು ಖಾಲಿ ಅದ ಆಂಟಿ" ಎಂದು ನನ್ನ ಪಾಲಿನ ಜಾಗ ತೋರಿಸಿದಳು.

"ಅಯ್ಯ! ಗೆದ್ಲ ತಿಂದಾವೇನೋ ಮತ್ತ" ಎಂದೆ. ನಾನು ನಾಟಕ ಕಂಪನಿಯಲ್ಲಿದ್ದರೆ ಅವತ್ತೇ ಹೊರಹಾಕುತ್ತಿದ್ದರು.

"ಇಲ್ಲೂ ಒಂದಿಲ್ಲ" ಎಂದು ಆಕೆ ತೋಳಿನ ಸಾಲಿನಲ್ಲಿ ಬೆರಳಿಟ್ಟಳು. ನಾನು ಲೀಲಾಳ ಕಡೆ ನೋಡಿದೆ. ಲೀಲಾ ತೊಲೆ ನೋಡುತ್ತಿದ್ದಳು.

"ಇಲಿ ಭಾಳ ಆಗ್ಯಾವ ನಮ್ಮಲ್ಲೆ" ಎಂದಳು ತೊಲೆಗೆ.

"ಕೊರಳಿನಾಗೂ ಒಂದಿಲ್ಲ" ಎಂದಳು ನಂದಿನಿ, ಅಳುವ ದನಿಯಲ್ಲಿ.

ಮುಮ್ತಾಜ್ ಸೆರಗನ್ನು ಬಾಯಿಗೆ ಹಿಡಿದಿದ್ದಳು. ಅಳುತ್ತಿದ್ದಾಳೆಂದು ನಾನು ಹತ್ತಿರ ಸರಿದೆ. ಅವಳ ಭುಜ ಕುಲುಕುತ್ತಿದ್ದವು, ನಗುತ್ತಿದ್ದಳು. ಹುಡುಗಿಯಾಗಿದ್ದಾಗಲೂ ಅವಳಿಗೆ ಗುಟ್ಟು ಹಿಡಿದಿಡಲು ಬರುತ್ತಿರಲಿಲ್ಲ. ತನ್ನ ಕೈಚೀಲದೊಳಗೆ ಕೈಹಾಕಿ, ಊಟದ ಡಬ್ಬಿಯ ಕೆಳಗಿನಿಂದ, ಟವೆಲಿನಲ್ಲಿ ಸುತ್ತಿದ ಸಂಚಿಕೆ ಹೊರಗೆ ತೆಗೆದಳು.

"ಮನ್ಯಾಗ ಬಿಟ್ಟ ಬರಾಕ ಧೈರ್ಯ ಆಗಲಿಲ್ಲ, ಇಲ್ಲೆ ಕೊಡಾಕ ಮನಸ್ ಆಗಲಿಲ್ಲ" ಎಂದಳು.

"ಯಾಕ ಬೇ ಮುಚ್ಚಿಟ್ಟಿ?" ಎಂದು ನಾನು ಜೋರು ಮಾಡಿದೆ, ನನ್ನದು ಕೌದಿಯಲ್ಲಿರುವುದು ಗೊತ್ತಿದ್ದೂ.

"ಯಾಕಂದ್ರ? ನೀವಿಬ್ರೂ ಮಾರೂಣು ಅಂದ್ರಿ. ಒಂದ ಕಡಿಮಿ ಆದ್ರ ಆಕಿ ತಗೊಳ್ಳಾಂಗಿಲ್ಲಂತ ನೀನ ಫೋನಿನ್ಯಾಗ ಹೇಳಿದ್ದಿ."

"ನಾ ಎಲ್ಲೆ ಮನಸಿಂದ ಮಾರೂಣು ಅಂದೇನಿ? ಗಂಗೂಗ ರೊಕ್ಕದ ಆಸೆ ಆಗಿರಬೇಕಂತ ನಾ ಹೂಂ ಅಂದೆ!" ಎಂದಳು ಲೀಲಾ. ಅವಳ ಸಂಚಿಕೆ ಟಿಕೋಟಾದಲ್ಲಿ, ಒಣದ್ರಾಕ್ಷಿಯ ಡಬ್ಬಿಯಲ್ಲಿತ್ತು.

ನಾನು ಎದ್ದು ಒಳಗೆ ಹೋಗಿ, ಕೌದಿ ಬಿಡಿಸಿ, ನನ್ನದನ್ನು ತಂದು ನಡುವೆ ಇಟ್ಟೆ. ಆಮೇಲೆ ನಡೆದದ್ದನ್ನು ಹೇಗೆ ಹೇಳುವುದು? ಮೂವರೂ ಒಬ್ಬರ ಮೇಲೊಬ್ಬರು ಬಿದ್ದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ನಮ್ಮ ಮನೆಯವರು ಒಳಗಿನಿಂದ ಓಡಿ ಬಂದು, ನೋಡಿ, ಏನೂ ಕೇಳದೆ ಹಿಂದಿರುಗಿದರು. ನಂದಿನಿಯೂ ನಕ್ಕಳು. ಏಕೆ ನಕ್ಕಳೋ ಪಾಪ, ಆಕೆಗೇ ಗೊತ್ತಿರಲಿಲ್ಲ.

ನಗು ಇಳಿದ ಮೇಲೆ ಲೀಲಾ ಮೆಲ್ಲಗೆ ಹೇಳಿದಳು, "ಪುಸ್ತಕ ಹ್ವಾದ ಮ್ಯಾಲ ನೀವಿಬ್ರೂ ನನ್ನ ಯಾಕ ಕರೀತೀರಿ ಅಂತ ಅನಿಸ್ತು ನೋಡ್ರಿ."

ನನ್ನ ಬಾಯಿಯೊಳಗಿನ ಮಾತು ಅವಳ ಬಾಯಿಂದ ಬಂತು. ನಾನು ಅವಳ ಕೈ ಹಿಡಿದುಕೊಂಡೆ. ನನಗೂ ಹಾಗೆಯೇ ಅನ್ನಿಸಿತ್ತೆಂದೆ. ಮುಮ್ತಾಜ್ ಮೂಗು ಒರೆಸಿಕೊಂಡಳು. ಇಷ್ಟು ವರ್ಷದ ಗೆಳತಿಯರು ಇಂಥ ಒಂದು ಮಾತನ್ನು ಮೊದಲ ಸಲ ಆಡಿದ್ದೆವು. ಆಡಿದ ಮೇಲೆ ಎದೆ ಹಗುರಾಯಿತು.

ನಂದಿನಿ ತನ್ನ ಚೀಲ ಎತ್ತಿಕೊಂಡು, "ಬ್ಯಾಡ ಬಿಡ್ರಿ ಆಂಟಿ, ನಿಮ್ಮಲ್ಲೇ ಇರಲಿ" ಎಂದು ಏಳತೊಡಗಿದಳು.

ತಡೆದವಳು ಮುಮ್ತಾಜ್. "ಕೂಡವಾ. ನಿಮ್ಮ ಹುಡುಗ್ಯಾರು ಇದನ್ನ ನೋಡಿ ಖರೇನ ಹೆಣೀತಾರೇನು, ಇಲ್ಲಾ ಬರೇ ಕಪಾಟಿನ್ಯಾಗ ಇಡ್ತೀರೇನು?"

"ಹೆಣೀತಾರ್ರಿ. ಅದಕ್ಕೇ ಬೇಕಾಗೇದ."

ಮುಮ್ತಾಜ್ ಜಮಖಾನೆಯ ಮೇಲಿನ ಸಾಲುಗಳನ್ನು ಒಮ್ಮೆ ನೋಡಿದಳು. "ಒಯ್ಯಿ ಹಂಗಾರ. ನಮ್ಮ ಕಡಿಂದಂತೂ ಒಂದ ಕಡೆ ಸೇರಲಿಲ್ಲ. ಅಲ್ಲೆರ ಯಾರರ ತೋಳು, ಕೊರಳು ಎಲ್ಲಾ ಇದ್ದದ್ದು ಒಂದ ಸ್ವೆಟರ್ ಪೂರ್ತಿ ಮಾಡ್ಲಿ."

ಲೀಲಾ ನನ್ನ ಮುಖ ನೋಡಿದಳು, ನಾನು ಅವಳದು. ಇಬ್ಬರೂ ಹೂಂ ಅಂದೆವು. ಈ ಸಲದ ಹೂಂ ಒಬ್ಬರಿಗಾಗಿ ಒಬ್ಬರು ಅಂದದ್ದಲ್ಲ. ಲೀಲಾ ಸೊಸೆಗೆ ಫೋನ್ ಮಾಡಿದಳು, ಸೊಸೆ ಒಣದ್ರಾಕ್ಷಿಯ ಡಬ್ಬಿಯಿಂದ ಸಂಚಿಕೆ ತೆಗೆದು ಬಸ್ಸಿನವರ ಕೈಗೆ ಕೊಟ್ಟಳು. ಸಂಜೆಯೊಳಗೆ ಅದೂ ಬಂದು ತನ್ನ ಜಾಗದಲ್ಲಿ ಕುಳಿತಿತು. ಹಾಳೆಗಳಿಗೆಲ್ಲ ದ್ರಾಕ್ಷಿಯ ಸಿಹಿ ವಾಸನೆ ಹಿಡಿದಿತ್ತು. ಗ್ರಂಥಾಲಯದಲ್ಲಿ ಇದಕ್ಕೆ ಇರುವೆ ಬಾರದ ಹಾಗೆ ಏನು ಮಾಡಬೇಕೆಂದು ನಂದಿನಿಗೂ ತಿಳಿಯಲಿಲ್ಲ.

ಕಪಾಟು ಖಾಲಿಯಾಯಿತು. ನಮ್ಮ ಮನೆಯವರು ಅದರಲ್ಲಿ ಹಳೆಯ ಛತ್ರಿ, ಕೆಟ್ಟುಹೋದ ಟಾರ್ಚು, ತಮ್ಮ ಔಷಧದ ಡಬ್ಬಿ ಎಲ್ಲ ಒಪ್ಪವಾಗಿ ಇಟ್ಟುಕೊಂಡು ಸಂಭ್ರಮಪಟ್ಟರು. ನಾನು ಒಂದು ವಾರ ಆ ಕೋಣೆಗೆ ಹೋಗಲಿಲ್ಲ. ಗೆಳತಿಯರ ಎದುರು ದೊಡ್ಡ ಮನಸ್ಸು ಮಾಡುವುದು ಸುಲಭ, ಅವರು ಎದ್ದುಹೋದ ಮೇಲೆ ಅದನ್ನು ನಿಭಾಯಿಸುವುದು ಕಷ್ಟ. ಫೋನ್ ಕೈಗೆತ್ತಿಕೊಳ್ಳುತ್ತಿದ್ದೆ, ಏನೆಂದು ಮಾತು ತೆಗೆಯಬೇಕೋ ತಿಳಿಯದೆ ಕೆಳಗಿಡುತ್ತಿದ್ದೆ.

ಮುಂದಿನ ಸೋಮವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ಮುಮ್ತಾಜ್ ನಿಂತಿದ್ದಳು, ಬಿಸಿಲಿಗೆ ಮುಖ ಕೆಂಪಾಗಿತ್ತು. ನನಗೆ ಗಾಬರಿಯಾಯಿತು.

"ಏನ ಬೇ, ಏನಾತು? ಏನ್ ತಂದಿ?"

ಅವಳು ಎರಡೂ ಕೈ ಮುಂದೆ ಚಾಚಿ, ತಿರುಗಿಸಿ ತೋರಿಸಿದಳು. ಪುಸ್ತಕವಿಲ್ಲ, ಉಣ್ಣೆಯಿಲ್ಲ, ಚೀಲವೂ ಇಲ್ಲ.

"ಏನೂ ತಂದಿಲ್ಲ, ಏನೂ ಒಯ್ಯಾಂಗಿಲ್ಲ. ಮನ್ಯಾಗ ಎಲ್ಲಿಗಿ ಹೊಂಟಿ ಅಂತ ಕೇಳಿದ್ರು. ಗಂಗೂನ ಮನಿಗಿ, ಸುಮ್ಮನ, ಅಂದೆ. ಹಂಗ ಅನ್ನಾಕ ನಾಚಿಕಿ ಬಂತ ನೋಡು" ಎನ್ನುತ್ತ ಒಳಗೆ ಬಂದು ಒಲೆಯ ಪಕ್ಕದ ಮಣೆ ಎಳೆದುಕೊಂಡು ಕುಳಿತಳು. "ಲೀಲಾನೂ ಬಸ್ ಹತ್ಯಾಳ. ಆಕಿನೂ ಹಂಗ ಬರಾಕತ್ತಾಳ, ಸುಮ್ಮನ. ನೀ ಆ ರೊಟ್ಟಿ ಬಿಡು, ಮೊದಲ ಚಾ ಇಡು."

ನಾನು ಹಿಟ್ಟಿನ ಕೈ ತೊಳೆದುಕೊಂಡು ಮೂರು ಕಪ್ಪಿನ ನೀರಿಟ್ಟೆ.